ಉಸ್ತುವಾರಿ ಎಂಬ ಕಾಲಂ

ಪಕ್ಕದ ಮನೆಯವರು ಮೇಲೊಂದು ಅಂತಸ್ತು ಎತ್ತಿಸುತ್ತಿದ್ದಾರೆ. ಬೆಳಿಗ್ಗೆ ಆರಕ್ಕೆಲ್ಲ ಯಜಮಾನರು ಲುಂಗಿ ಎತ್ತಿ ಕಟ್ಟಿಕೊಂಡು, ಪೈಪು ಹಿಡಿದು, ಹೊಸ ಗೋಡೆಗೆ ನೀರು ಹೊಡೆಯುತ್ತಾರೆ. ಹಸಿ ಸಿಮೆಂಟಿನ ವಾಸನೆ ನೇರವಾಗಿ ನಮ್ಮ ಅಡುಗೆಮನೆ ಕಿಟಕಿಯಿಂದ ಒಳಗೆ ಬರುತ್ತದೆ. "ಎಷ್ಟು ಚೆನ್ನಾಗಿರತ್ತೆ ಅಲ್ವೇನೇ, ಮೊದಲ ಮಳೆ ಬಿದ್ದ ಹಾಗೆ" ಅನ್ನುತ್ತಾಳೆ ಅಮ್ಮ. ನಾನು ಎದ್ದು ಹೋಗಿ ಕಿಟಕಿ ಮುಚ್ಚುತ್ತೇನೆ. ನನ್ನ ಅನ್ನವೇ ಸಿಮೆಂಟಿನಲ್ಲಿದೆ. ದಿನಕ್ಕೆ ಎಂಟು ಗಂಟೆ ಅದೇ ವಾಸನೆಯಲ್ಲಿ ನಿಂತಿರುತ್ತೇನೆ, ಸೈಟಿನಲ್ಲಿ ಏನೂ ಅನ್ನಿಸುವುದಿಲ್ಲ. ಮನೆಯೊಳಗೆ ಬಂತೆಂದರೆ ಮಾತ್ರ ತರಬೇತಿಯ ಆ ವರ್ಷ ನೆನಪಾಗುತ್ತದೆ, ಚಿಕ್ಕಣ್ಣ ಮೇಸ್ತ್ರಿ ನೆನಪಾಗುತ್ತಾರೆ. ಆಮೇಲೆ ಕಾಫಿ ಕುಡಿದರೂ ರುಚಿ ಹತ್ತುವುದಿಲ್ಲ.

ಆ ವರ್ಷದ ಕಥೆ ಹೇಳಬೇಕಾದರೆ ನಮ್ಮ ಮನೆಯವರ ಒಂದು ಚಟದ ಬಗ್ಗೆ ಹೇಳಲೇಬೇಕು. ನಮ್ಮದು ಬರೆದು ಬದುಕಿದವರ ಮನೆತನ. ಮುತ್ತಜ್ಜ ಅರಮನೆಯ ಕಚೇರಿಯಲ್ಲಿ ಗುಮಾಸ್ತೆ, ತಾತ ಸರ್ಕಾರದ ಕಚೇರಿಯಲ್ಲಿ ಗುಮಾಸ್ತೆ, ಅಪ್ಪ ಕಾಲೇಜಿನ ಆಫೀಸಿನಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ತಾತ ನನ್ನ ಕೈ ಹಿಡಿದು ಅಕ್ಷರ ತಿದ್ದಿಸುವಾಗಲೇ ಗೆರೆ ಎಳೆದು, ಕಾಲಂ ಮಾಡಿ, ತುಂಬಿಸುವುದನ್ನೂ ಕಲಿಸಿದರು. "ಕಾಲಂ ಖಾಲಿ ಬಿಡಬಾರದು ಮಗು. ಖಾಲಿ ಬಿಟ್ಟರೆ ಬರೆಯೋನಿಗೆ ಕೆಲಸ ಗೊತ್ತಿಲ್ಲ ಅಂತ ಅರ್ಥ" ಅನ್ನುತ್ತಿದ್ದರು. ಷರಾ ಎಂಬ ಕಾಲಮ್ಮಿನಲ್ಲಿ ಬರೆಯಲು ಏನೂ ಇಲ್ಲದಿದ್ದರೆ 'ಏನೂ ಇಲ್ಲ' ಎಂದು ಬರೆಯುವ ಜನ ನಾವು. ಹಾಲಿನವನ ಕಾರ್ಡು, ಗ್ಯಾಸಿನ ಪುಸ್ತಕ, ನನ್ನ ಮದುವೆಗೆಂದು ಬಂದು ಹೋದ ಗಂಡುಗಳ ಪಟ್ಟಿ, ಯಾವುದರಲ್ಲೂ ಒಂದು ಚೌಕ ಖಾಲಿ ಇರಲಿಲ್ಲ.

ನಾನು ಬಿ.ಎ. ಮುಗಿಸಿ ಆರು ವರ್ಷ ಕೋರ್ಟಿನ ಹತ್ತಿರ ಒಂದು ಡಿ.ಟಿ.ಪಿ. ಅಂಗಡಿಯಲ್ಲಿ ಟೈಪು ಮಾಡಿದೆ. ಅಂಗಡಿ ಮುಚ್ಚಿತು. ಇಪ್ಪತ್ತೆಂಟು ದಾಟಿತ್ತು. ಕಟ್ಟಡ ನಿರ್ಮಾಣದ ಮೇಲ್ವಿಚಾರಣೆಗೆ ಒಂದು ವರ್ಷದ ತರಬೇತಿ, ಫೀಸಿಲ್ಲ, ಕೊನೆಗೆ ಕೆಲಸ ಕೊಡಿಸುತ್ತಾರೆ ಎಂಬ ಚೀಟಿ ಪೇಪರಿನ ಜೊತೆ ಮನೆಗೆ ಬಂದಿತ್ತು. ಅಮ್ಮ ಅದನ್ನು ಓದಿ, "ಅಯ್ಯೋ ಶಿವನೇ, ಗಾರೆ ಕೆಲಸಕ್ಕೇನೇ ಹೋಗ್ತೀಯಾ?" ಎಂದಳು. ಕುವೆಂಪುನಗರದ ನಮ್ಮ ಬೀದಿಯಲ್ಲಿ ಮಗಳು ಬ್ಯಾಂಕಿನಲ್ಲಿದ್ದಾಳೆ, ಮಗಳು ಟೀಚರು ಎಂದು ಹೇಳಿಕೊಳ್ಳುವವರೇ ಎಲ್ಲ. ಅಪ್ಪ ಮಾತ್ರ ನನ್ನ ಅರ್ಜಿಯನ್ನು ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗೆ ನೋಡಿ, ಎರಡು ಕಡೆ ಬಿಟ್ಟುಹೋಗಿದ್ದನ್ನು ತುಂಬಿಸಿ, ಸಹಿ ಹಾಕಿಕೊಟ್ಟರು.

ಜನವರಿಯಲ್ಲಿ ಶುರುವಾಯಿತು. ಟೈಲ್ಸ್ ಅಂಗಡಿಯೊಂದರ ಮೇಲಿನ ಹಾಲಿನಲ್ಲಿ ಪಾಠ. ಇಪ್ಪತ್ತೆರಡು ಜನ ಸೇರಿದ್ದೆವು, ಅದರಲ್ಲಿ ನಾಲ್ವರು ಹೆಂಗಸರು. ಯುಗಾದಿ ಕಳೆಯುವ ಹೊತ್ತಿಗೆ ಹೆಂಗಸರ ಪೈಕಿ ನಾನೊಬ್ಬಳೇ ಉಳಿದಿದ್ದೆ. ಪಾಠ ಮಾಡುತ್ತಿದ್ದವರು ಪ್ರಭಾಕರ ಸರ್, ಓವರ್‌ಸಿಯರ್ ಆಗಿದ್ದು ನಿವೃತ್ತರಾದವರು, ಸಣ್ಣ ದೇಹ, ದೊಡ್ಡ ಧ್ವನಿ. ಕಂಬಿ ಕಟ್ಟುವುದು, ನಕ್ಷೆ ಓದುವುದು, ಕೂಲಿಯವರ ಹಾಜರಿ, ಎಲ್ಲಕ್ಕಿಂತ ಹೆಚ್ಚಾಗಿ ರಿಜಿಸ್ಟರು. "ಮೇಲ್ವಿಚಾರಕರ ಕೈಲಿ ಕರಣೆ ಇರಲ್ಲ, ಪೆನ್ನಿರತ್ತೆ. ಸೈಟಲ್ಲಿ ಏನು ನಡೀತೋ ಅದನ್ನ ಬರೀರಿ, ಅವತ್ತೇ ಬರೀರಿ" ಎನ್ನುತ್ತಿದ್ದರು. ಇದನ್ನು ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ಇಟ್ಟಿಗೆ ಸಿಮೆಂಟು ಏನೂ ಗೊತ್ತಿಲ್ಲದವಳಿಗೆ ಇದೊಂದು ನಮ್ಮ ಮನೆಯ ಕೆಲಸವೇ ಎನ್ನಿಸಿತು. ದಡ್ಡಿ, ಅಲ್ಲಿಗೇ ಗೆದ್ದುಬಿಟ್ಟೆ ಅಂದುಕೊಂಡೆ.

ಜೂನಿನಲ್ಲಿ ಸೈಟಿಗೆ ಹಾಕಿದರು. ಊರಿನ ದಕ್ಷಿಣಕ್ಕೆ, ಮಂಡಕಳ್ಳಿ ಕಡೆ ಹೋಗುವ ರಸ್ತೆಯಲ್ಲಿ, ನಾಲ್ಕು ಅಂತಸ್ತಿನ ಒಂದು ಅಪಾರ್ಟ್‌ಮೆಂಟು ಏಳುತ್ತಿತ್ತು. ಕಂಟ್ರಾಕ್ಟರು ರಾಜಶೇಖರ್ ಎಂಬುವರು, ವಾರಕ್ಕೊಂದು ಸಲ ಕಾರಿನಲ್ಲಿ ಬಂದು, ಇಳಿಯದೆಯೇ ಗಾಜು ಇಳಿಸಿ ಮಾತಾಡಿ ಹೋಗುತ್ತಿದ್ದರು. ಸೈಟ್ ಎಂಜಿನಿಯರ್ ಕಿರಣ್ ನನಗಿಂತ ಎರಡು ವರ್ಷ ಚಿಕ್ಕವನು. ನಾನು ಅವನಿಗೆ ಸರ್, ಅವನು ನನಗೆ ಮೇಡಂ. ವರ್ಷದ ಕೊನೆಗೆ ನನ್ನ ಸೈಟ್ ಸರ್ಟಿಫಿಕೇಟಿಗೆ ಸಹಿ ಹಾಕಬೇಕಾದವನು ಅವನೇ. ಕೆಲಸವನ್ನು ನಿಜವಾಗಿ ನಡೆಸುತ್ತಿದ್ದವರು ಚಿಕ್ಕಣ್ಣ ಮೇಸ್ತ್ರಿ.

ಅವರಿಗೆ ಐವತ್ತೆಂಟಿರಬಹುದು. ಮನೆ ಉದಯಗಿರಿಯಲ್ಲಿ, ಗ್ಯಾರೇಜುಗಳ ಸಾಲಿನ ಹಿಂದೆ. ನಲವತ್ತು ವರ್ಷ ಗಾರೆ ಕೆಲಸ ಮಾಡಿ ಮಂಡಿಗಳೆರಡೂ ಹೋಗಿದ್ದವು. ಗೋಡೆಗೆ ಕಟ್ಟಿದ ಸಾರ್ವೆ ಹತ್ತುವಾಗ ನೇರ ಹತ್ತಲಾರದೆ ಪಕ್ಕಕ್ಕೆ ತಿರುಗಿ ಒಂದೊಂದೇ ಕಾಲು ಎತ್ತಿ ಇಡುತ್ತಿದ್ದರು. ಮೊದಲ ದಿನ ನಾನು ಬಿಸಿಲಲ್ಲಿ ನಿಂತು ಇಟ್ಟಿಗೆ ಲೋಡಿನ ಲೆಕ್ಕ ಬರೆಯುತ್ತಿದ್ದಾಗ ಬಂದು ನನ್ನ ಪುಸ್ತಕದೊಳಗೆ ಇಣುಕಿದರು.

"ಏನವ್ವಾ ಅದು, ಅಷ್ಟೊತ್ತಿಂದ ಬರಿತಾನೇ ಇದೀಯೆ? ಬರುದ್ರೆ ಗ್ವಾಡೆ ಎದ್ದೇಳ್ತದಾ?"

"ಗೋಡೆ ನೀವು ಎಬ್ಬಿಸಿ ಮೇಸ್ತ್ರೀ. ಎದ್ದಿದೆ ಅಂತ ನಾನು ಬರೀತೀನಿ" ಎಂದೆ.

"ಓ, ಬಾಯೂ ಅದೆ ನಿಂಗೆ" ಎಂದು ನಕ್ಕರು. ಆವತ್ತಿನಿಂದ ನನ್ನನ್ನು ಬಿಸಿಲಿಗೆ ಬಿಡಲಿಲ್ಲ. ಸಿಮೆಂಟ್ ಶೆಡ್ಡಿನ ಬಾಗಿಲಲ್ಲಿ ಎರಡು ಮೂಟೆ ಹಾಕಿಸಿ, "ಇಲ್ ಕೂತ್ಕಂಡು ಬರಿ" ಎಂದರು. ಪುಸ್ತಕದಲ್ಲಿಲ್ಲದ್ದನ್ನೆಲ್ಲ ಅವರೇ ಕಲಿಸಿದರು: ಮರಳನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟು ಅಂಗೈಗೆ ಎಷ್ಟು ಮಣ್ಣು ಅಂಟಿದೆ ನೋಡುವುದು, ಇಟ್ಟಿಗೆಗೆ ಇಟ್ಟಿಗೆ ತಾಗಿಸಿ ಸದ್ದು ಕೇಳುವುದು. ಅಕ್ಷರ ಅವರಿಗೆ ಬರುತ್ತಿರಲಿಲ್ಲ. ಸಹಿ ಹಾಕಲು ಮಾತ್ರ ಮಗಳು ಕಲಿಸಿಕೊಟ್ಟಿದ್ದಳಂತೆ.

ಅವರಿಗೆ ಆ ಕಟ್ಟಡದ ಮೇಲೆ ಒಂದು ಆಸೆಯಿತ್ತು, ಅದನ್ನು ಮೊದಲ ವಾರದಲ್ಲೇ ನನಗೆ ಹೇಳಿದರು. ಕಟ್ಟಡ ಮುಗಿದ ಮೇಲೆ ಅಲ್ಲೇ ಮೇಂಟೆನೆನ್ಸಿಗೆ ಇಟ್ಟುಕೊಳ್ಳುತ್ತೇನೆ ಎಂದು ರಾಜಶೇಖರ್ ಮಾತು ಕೊಟ್ಟಿದ್ದರು. ಗೇಟಿನ ಪಕ್ಕ ಒಂದು ರೂಮು, ಗಂಡ ಹೆಂಡತಿ ಇರಬಹುದು. ನಲ್ಲಿ ಸೋರಿದರೆ, ಟೈಲು ಎದ್ದರೆ ನೋಡಿಕೊಂಡರಾಯಿತು, ಸಾರ್ವೆ ಹತ್ತುವ ಹಾಗಿಲ್ಲ. "ಇದೇ ಕಡೇ ಬಿಲ್ಡಿಂಗು ಕಣವ್ವ. ಇನ್ ಒಂದ್ ವರ್ಸ ಮಂಡಿ ತಡೀಬೇಕು, ಆಮ್ಯಾಕೆ ಕುಂತ್ಕಂಡು ತಿನ್ನೋದು" ಎನ್ನುತ್ತಿದ್ದರು. ಗೇಟಿನ ಪಕ್ಕದ ಆ ರೂಮಿನ ಗೋಡೆಗೆ, ನಕ್ಷೆಯಲ್ಲಿ ಇಲ್ಲದಿದ್ದರೂ, ದೀಪ ಇಡಲು ಒಂದು ಸಣ್ಣ ಗೂಡು ಬಿಟ್ಟಿದ್ದರು. ಕಿರಣ್ ನೋಡಿಯೂ ನೋಡದವನಂತೆ ಸುಮ್ಮನಿದ್ದ.

ಜೂನ್ ಕೊನೆಗೆ ಮೊದಲ ಸ್ಲ್ಯಾಬು ಹಾಕಿದರು. ಕಾಂಕ್ರೀಟು ಹಾಕಿದ ದಿನ ಅದರಲ್ಲೇ ಒಂದಷ್ಟು ತೆಗೆದು ಕಬ್ಬಿಣದ ಅಚ್ಚಿಗೆ ತುಂಬಿ ಕ್ಯೂಬು ಮಾಡಬೇಕು. ಇಪ್ಪತ್ತೆಂಟು ದಿನ ಆ ಕ್ಯೂಬನ್ನು ನೀರಿನಲ್ಲಿಟ್ಟು, ಲ್ಯಾಬಿಗೆ ಕಳಿಸಿ, ಮೆಷಿನ್ನಿನಲ್ಲಿ ಒಡೆಸಿ ನೋಡುತ್ತಾರೆ. ಎಷ್ಟು ಭಾರಕ್ಕೆ ಒಡೆಯಿತೋ ಅದರ ಮೇಲೆ ಸ್ಲ್ಯಾಬಿನ ಗಟ್ಟಿತನ ಗೊತ್ತಾಗುತ್ತದೆ. ಪ್ರಭಾಕರ ಸರ್ ಇದನ್ನು ಹಲಗೆಯ ಮೇಲೆ ಚಿತ್ರ ಬರೆದು ಹೇಳಿದ್ದರು. ನಾನು ಅಚ್ಚು ಹಿಡಿದುಕೊಂಡು ಮಿಕ್ಸರ್ ಹತ್ತಿರ ಹೋದರೆ ಮೇಸ್ತ್ರಿ ಕೈ ಅಡ್ಡ ಹಿಡಿದರು. ಪಕ್ಕದಲ್ಲಿ ಒಂದು ಬಾಂಡ್ಲಿಯಲ್ಲಿ ಬೇರೆಯೇ ಕಲಸಿಟ್ಟಿದ್ದರು. ಸಿಮೆಂಟು ಧಾರಾಳ, ನೀರು ಅಳತೆಯಿಂದ, ಜಲ್ಲಿ ತೊಳೆದದ್ದು.

"ಮೇಸ್ತ್ರೀ, ಇದು ಸ್ಲ್ಯಾಬಿಗೆ ಹಾಕ್ತಿರೋದಲ್ವಲ್ಲಾ?"

"ಕ್ಯೂಬಂದ್ರೆ ದೇವ್ರಿಗೆ ಎತ್ತಿಡೋ ಎಡೆ ಇದ್ದಂಗೆ ಕಣವ್ವ. ಮನೆಯೋರು ಉಣ್ಣೋದೇ ಬ್ಯಾರೆ, ದೇವ್ರ್ ಮುಂದೆ ಮಡಗೋದೇ ಬ್ಯಾರೆ."

ಕಿರಣ್ ಕಡೆ ನೋಡಿದೆ. "ಎಲ್ಲಾ ಸೈಟಲ್ಲೂ ಹೀಗೇ ಮೇಡಂ" ಎಂದ. ಎಲ್ಲರೂ ಹೀಗೇ ಅಂದಮೇಲೆ ನನ್ನದೇನು ಎಂದು ತುಂಬಿದೆ.

ಸಂಜೆ ಕ್ಯೂಬ್ ರಿಜಿಸ್ಟರು ನನ್ನ ಕೈಗೆ ಬಂತು. ತಾರೀಖು, ಜಾಗ, ಕಾಂಕ್ರೀಟಿನ ಬಗೆ, ಕೆಲಸದ ಉಸ್ತುವಾರಿ, ಎಂಜಿನಿಯರ್ ಸಹಿ. ಪಾಯದಿಂದ ಹಿಡಿದು ಅಲ್ಲಿಯವರೆಗೆ ಪ್ರತಿ ಪುಟದಲ್ಲೂ ಉಸ್ತುವಾರಿ ಕಾಲಂ ಖಾಲಿ, ಸಹಿಯ ಕಾಲಂ ಖಾಲಿ. ಸಹಿ ಯಾಕೆ ಹಾಕಿಲ್ಲ ಎಂದು ಕೇಳಿದರೆ ಕಿರಣ್, "ರಿಸಲ್ಟ್ ಬಂದ್ಮೇಲೆ ಒಟ್ಟಿಗೆ ಹಾಕ್ತೀನಿ" ಎಂದ. ಸಹಿ ಅವನದು, ನಾನು ಹಾಕುವ ಹಾಗಿಲ್ಲ. ಆದರೆ ಆ ಇನ್ನೊಂದು ಖಾಲಿ ಕಾಲಂ ನೋಡಿ ನನ್ನ ಕೈ ತುರಿಸಿತು. ದುಂಡಗೆ ಬರೆದೆ: ಚಿಕ್ಕಣ್ಣ, ಮೇಸ್ತ್ರಿ.

ಬರೆದು ಅವರಿಗೆ ತೋರಿಸಿದೆ. "ಎಲ್ಲದೆ? ಯಾವ್ದು ನನ್ನೆಸ್ರು?" ಎಂದು ಬಗ್ಗಿದರು. ಬೆರಳಿಟ್ಟು ತೋರಿಸಿದೆ. ಬಹಳ ಹೊತ್ತು ನೋಡಿದರು. "ನಲವತ್ ವರ್ಸದಲ್ಲಿ ಈ ಊರಲ್ಲಿ ಎಷ್ಟ್ ಮನೆ ಕಟ್ಟಿವ್ನೋ ಲೆಕ್ಕಿಲ್ಲ ಕಣವ್ವ. ಮನೆ ಮುಂದೆ ಯಜಮಾನ್ರ್ ಎಸ್ರು ಕಲ್ಲಲ್ ಕೆತ್ತಿ ನಾನೇ ಕೂರ್ಸಿವ್ನಿ. ನನ್ನೆಸ್ರು ಯಾರೂ ಎಲ್ಲೂ ಬರ್ದಿರ್ನಿಲ್ಲ."

ಆ ಮಾತು ಕೇಳಿದ ಮೇಲೆ ಹೆಚ್ಚು ಯೋಚನೆ ಮಾಡಲಿಲ್ಲ. ಮರುದಿನ ಕೂತು ಹಿಂದಿನ ಪುಟಗಳಲ್ಲೂ ಖಾಲಿ ಇದ್ದ ಚೌಕಗಳಿಗೆಲ್ಲ ಅದೇ ಹೆಸರು ತುಂಬಿಸಿದೆ, ಪಾಯ, ಪಿಲ್ಲರು, ಎಲ್ಲಕ್ಕೂ. ಅವರು ಕೆಲಸದವರಿಗೆಲ್ಲ ಹೇಳಿಕೊಂಡು ತಿರುಗಿದರು. "ಪುಸ್ತಕದಲ್ ಇವ್ನಿ ಕಣ್ರೋ ನಾನು, ಹುಸಾರು!" ಎಂದು ಸಾರ್ವೆ ಮೇಲಿಂದ ಕೂಗಿದ್ದೂ ಉಂಟು. ನಾನು ಒಬ್ಬ ಮನುಷ್ಯನಿಗೆ ಗೌರವ ಕೊಟ್ಟೆ ಎಂದು ಮನೆಗೆ ಬಂದು ಅಪ್ಪನ ಹತ್ತಿರ ಜಂಬ ಕೊಚ್ಚಿಕೊಂಡೆ. ಅಪ್ಪನೂ ಮೆಚ್ಚಿಕೊಂಡರು.

ಎರಡನೇ ಸ್ಲ್ಯಾಬು ಹಾಕುವುದು ಆಷಾಢದ ಒಂದು ಶುಕ್ರವಾರಕ್ಕೆ ಬಂತು. ಕಿರಣ್ ಹೆಂಡತಿಯ ಜೊತೆ ಬೆಟ್ಟಕ್ಕೆ ದೇವಿಯ ದರ್ಶನಕ್ಕೆ ಹೋಗಿದ್ದ, ಕ್ಯೂ ಉದ್ದ ಇದೆ, ಮಧ್ಯಾಹ್ನ ಬರುತ್ತೇನೆ ಎಂದು ಮೆಸೇಜು ಹಾಕಿದ್ದ. ಏಳಕ್ಕೆ ಮಿಕ್ಸರು ಶುರು ಮಾಡಿದರು. ಹನ್ನೊಂದಕ್ಕೆ ಬೆಟ್ಟ ಕಾಣದ ಹಾಗೆ ಮೋಡ ಇಳಿಯಿತು, ಅರ್ಧ ಸ್ಲ್ಯಾಬು ಆಗುವ ಹೊತ್ತಿಗೆ ಮಳೆ ಹೊಯ್ಯತೊಡಗಿತು. ಟಾರ್ಪಾಲು ಸಾಲಲಿಲ್ಲ. ಹೊರಗೆ ಜೋಡಿಸಿಟ್ಟಿದ್ದ ಸಿಮೆಂಟು ಮೂಟೆಗಳಲ್ಲಿ ಹತ್ತು ಹನ್ನೆರಡು ನೆನೆದುಹೋದವು. ಮೇಸ್ತ್ರಿ ಕೆಲಸ ನಿಲ್ಲಿಸಿ ನನ್ನ ಹತ್ತಿರ ಓಡಿ ಬಂದರು, ಓಡುವುದೆಂದರೆ ಅವರಿಗೆ ಕುಂಟುವುದೇ.

"ಫೋನ್ ಆಕವ್ವ ಯಜಮಾನ್ರಿಗೆ. ನಿಲ್ಸ್ಬೇಕು ಇದು."

ನನ್ನ ಫೋನಿನಿಂದಲೇ ರಾಜಶೇಖರ್ ಅವರಿಗೆ ಮಾಡಿ, ಮಳೆ ಸದ್ದಿಗೆ ಕೇಳಿಸಲೆಂದು ಸ್ಪೀಕರ್ ಹಾಕಿದೆ. ಮೇಸ್ತ್ರಿ ಕೂಗಿ ಹೇಳಿದರು: "ಸಾರ್, ಮಳೆ ಇಡ್ಕಂಡದೆ. ಕಲ್ಸಿದ್ದೆಲ್ಲ ಸಾರಾಗೋಯ್ತಾ ಅದೆ. ಸಿಮೆಂಟೂ ನೆಂದೋಯ್ತು. ಇಲ್ಲಿಗ್ ನಿಲ್ಸಿ ನಾಳೀಕ್ ನೋಡಾಣ ಸಾರ್."

"ನಿಲ್ಸಿದ್ರೆ ಮಧ್ಯ ಜಾಯಿಂಟ್ ಬೀಳತ್ತಲ್ಲಯ್ಯ! ಮುಂದಿನ ವಾರ ಬ್ಯಾಂಕಿನವರು ನೋಡೋಕೆ ಬರ್ತಾರೆ. ಇರೋ ಸಿಮೆಂಟಲ್ಲೇ ಎಳೀರಿ."

"ಸಾಲಾಕಿಲ್ಲ ಸಾರ್."

"ನಲವತ್ತು ವರ್ಷ ಏನು ಕಲ್ತಿದ್ದೀಯ ನೀನು? ಎಳಿ ಅಂದ್ರೆ ಎಳಿ. ಮೇಂಟೆನೆನ್ಸ್ ಕೆಲಸ ಬೇಕೋ ಬೇಡ್ವೋ?"

ಫೋನು ಇಟ್ಟರು. ಮೇಸ್ತ್ರಿ ತಲೆಗೆ ಸಿಮೆಂಟು ಚೀಲ ಕೊಪ್ಪೆ ಹಾಕಿಕೊಂಡು, "ಆಡ್ಸ್ರೋ ಮಿಸನ್ನ" ಎಂದರು.

ಆ ಗಡಿಬಿಡಿಯಲ್ಲಿ ಕ್ಯೂಬಿಗೆ ಬೇರೆ ಕಲಸುವುದಕ್ಕೆ ಯಾರಿಗೆ ಪುರಸೊತ್ತು? ನಾನು ಅಚ್ಚುಗಳನ್ನು ತೆಗೆದುಕೊಂಡು ಮಿಕ್ಸರಿನ ಬಾಯಿಗೇ ಹೋದೆ. ಇವತ್ತಾದರೂ ಪುಸ್ತಕದಲ್ಲಿರುವ ಹಾಗೆ ಮಾಡುತ್ತೇನೆ ಎಂಬ ಹುಮ್ಮಸ್ಸು, ಮಂಕುಬುದ್ಧಿ. ಮೇಸ್ತ್ರಿ ಮೇಲಿಂದ ನೋಡಿ ಕೂಗಿದರು.

"ಬ್ಯಾಡ ಕಣವ್ವಾ! ಅದ್ರಲ್ ತುಂಬ್ಬ್ಯಾಡ. ನಾಳೀಕ್ ಮಾಡಾಣ, ನಾನೇ ಕಲ್ಸ್ಕೊಡ್ತೀನಿ."

"ಇವತ್ತಿನ ತಾರೀಖು ಹಾಕಬೇಕಲ್ವಾ ಮೇಸ್ತ್ರೀ? ನಾಳೆ ಮಾಡಿ ಇವತ್ತಿಂದು ಅಂತ ಹೇಗೆ ಬರೀಲಿ?"

"ಬರ್ದ್ರೆ ಏನಾಯ್ತದೆ?"

"ನನಗಾಗಲ್ಲ ಮೇಸ್ತ್ರೀ."

ಅವರು ಕೈ ಕೊಡವಿದರು. "ಓದಿರೋಳು ನೀನು, ನಿಂಗ್ ಗೊತ್ತು" ಎಂದು ತಿರುಗಿಕೊಂಡರು. ಮೂರು ಕ್ಯೂಬು ತುಂಬಿದೆ. ಸಂಜೆ ಒದ್ದೆ ಬಟ್ಟೆಯಲ್ಲೇ ಶೆಡ್ಡಿನ ಬಾಗಿಲಲ್ಲಿ ಕೂತು, ಒಂದು ಕಾಲಂ ಬಿಡದೆ, ಆವತ್ತಿನ ತಾರೀಖು ಹಾಕಿ, ಉಸ್ತುವಾರಿ ಚಿಕ್ಕಣ್ಣ ಎಂದು ಬರೆದೆ. ಷರಾ ಕಾಲಂ ಆ ರಿಜಿಸ್ಟರಿನಲ್ಲಿ ಇರಲಿಲ್ಲ. ಇದ್ದಿದ್ದರೆ ಮಳೆ ಬಂದದ್ದು, ಫೋನು ಮಾಡಿದ್ದು, ಎಳಿ ಅಂದದ್ದು, ಎಲ್ಲವನ್ನೂ ಬರೆಯುತ್ತಿದ್ದೆ. ಕಾಲಂ ಇಲ್ಲದ ಕಡೆ ಬರೆಯುವುದು ನಮ್ಮ ಮನೆಯಲ್ಲಿ ಯಾರೂ ಕಲಿಸಿರಲಿಲ್ಲ.

ಆವತ್ತು ಬರಲೇ ಇಲ್ಲದ ಕಿರಣ್ ಮರುದಿನ ಬಂದು ಕ್ಯೂಬುಗಳನ್ನು ನೋಡಿದ, ಯಾವ ಕಲಸಿನಿಂದ ತುಂಬಿದ್ದು ಎಂದು ಕೇಳಲೂ ಇಲ್ಲ. ತಿಂಗಳ ಮೇಲೆ ಲ್ಯಾಬಿನಿಂದ ಕಾಗದ ಬಂತು. ಗಟ್ಟಿತನ ಬರಬೇಕಾದ್ದರಲ್ಲಿ ಅರ್ಧವೂ ಬಂದಿರಲಿಲ್ಲ. ಅದರ ಒಂದು ಪ್ರತಿ ನೇರವಾಗಿ ಸಾಲ ಕೊಟ್ಟಿದ್ದ ಬ್ಯಾಂಕಿನವರಿಗೂ ಹೋಗುತ್ತದೆ ಎಂದು ಆವತ್ತೇ ನನಗೆ ತಿಳಿದದ್ದು. ಎರಡು ದಿನ ಬಿಟ್ಟು ಬ್ಯಾಂಕಿನ ಕಡೆಯ ಎಂಜಿನಿಯರೊಬ್ಬರು ಬಂದರು. ರಾಜಶೇಖರ್ ಆವತ್ತು ಕಾರಿನಿಂದ ಕೆಳಗಿಳಿದರು. ಸಿಮೆಂಟ್ ಶೆಡ್ಡಿನೊಳಗೆ ನಾಲ್ಕು ಕುರ್ಚಿ ಹಾಕಿಸಿದರು, ರಿಜಿಸ್ಟರು ತರಿಸಿದರು, ಮೇಸ್ತ್ರಿಯನ್ನು ಕರೆಸಿದರು. ಅವರು ಕೈ ತೊಳೆದು ಒರೆಸಿಕೊಂಡು ಬಂದು ಬಾಗಿಲಲ್ಲಿ ನಿಂತರು.

ಬ್ಯಾಂಕಿನವರು ಪುಟ ತಿರುವಿದರು. "ಎಂಜಿನಿಯರ್ ಸಹಿ ಎಲ್ಲೂ ಇಲ್ಲವಲ್ಲ?"

"ನಾನು ಆವತ್ತು ರಜಾ ಸರ್" ಎಂದ ಕಿರಣ್.

"ಮತ್ತೆ ಕೆಲಸ ಯಾರ ಉಸ್ತುವಾರಿ?"

ರಾಜಶೇಖರ್ ಬಗ್ಗಿ ನೋಡಿದರು. ಅವರಿಗೂ ಅದು ಆಗಲೇ ಕಾಣಿಸಿದ್ದು ಎಂದು ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಬಿಗಿದಿದ್ದ ಮುಖ ಸಡಿಲವಾಯಿತು. "ಬರ್ದಿದೆಯಲ್ಲ ಸಾರ್. ಚಿಕ್ಕಣ್ಣ. ಪಾಯದಿಂದ್ಲೂ ಅವನೇ. ನೋಡಿ, ಎಲ್ಲಾ ಪುಟದಲ್ಲೂ ಅವನದೇ ಹೆಸರು."

ಬ್ಯಾಂಕಿನವರು ನನ್ನ ಕಡೆ ತಿರುಗಿದರು. "ಇದು ನಿಮ್ಮ ಅಕ್ಷರಾನೇನಮ್ಮ?"

"ಹೌದು ಸರ್."

"ಇವರೇ ನಿಂತು ಮಾಡಿಸಿದ್ದಾ?"

"ಹೌದು ಸರ್. ಆದರೆ..."

ಕಿರಣ್ ನನ್ನನ್ನು ನೋಡಿದ. ಬೆದರಿಸುವ ನೋಟವೇನಲ್ಲ, ಸುಮ್ಮನೆ ನೋಡಿದ. ಅವನು ಸಹಿ ಹಾಕಬೇಕಾದ ನನ್ನ ಸರ್ಟಿಫಿಕೇಟು, ಅಪ್ಪನ ಪಿಂಚಣಿ, ಬೀದಿಯ ಹೆಂಗಸರ ಮುಂದೆ ಅಮ್ಮನ ಮುಖ, ಎಲ್ಲಾ ಒಟ್ಟಿಗೆ ನೆನಪಿಗೆ ಬಂತು. 'ಆದರೆ' ಅಲ್ಲಿಗೇ ನಿಂತಿತು. ಬ್ಯಾಂಕಿನವರು ಇನ್ನೊಂದು ಕ್ಷಣ ಕಾದರು, ಆಮೇಲೆ ಪುಸ್ತಕ ಮುಚ್ಚಿದರು. ಆ ಒಂದು ಕ್ಷಣ ನನ್ನ ಕೈಲಿತ್ತು, ನಾನು ಬಿಟ್ಟೆ. ಇದನ್ನು ಯಾರ ಮೇಲೂ ಹಾಕಲಾರೆ.

ಯಜಮಾನರ ಮುಂದೆ ಯಜಮಾನರ ಮಾತು ಎತ್ತುವುದು ಮೇಸ್ತ್ರಿಗೆ ಗೊತ್ತೇ ಇರಲಿಲ್ಲ. "ಸಾರ್, ಮಳೆ..." ಎಂದು ಒಂದು ಸಲ ಬಾಯಿ ತೆರೆದರು. "ಮಳೆಗೆ ನಿಲ್ಸೋಕೆ ನಿನಗೆ ಬುದ್ಧಿ ಇರ್ಲಿಲ್ವಾ?" ಎಂದರು ರಾಜಶೇಖರ್. ಅಲ್ಲಿಗೆ ಮುಗಿಯಿತು.

ಆವತ್ತೇ ಮಧ್ಯಾಹ್ನ ಅವರನ್ನು ಕಳಿಸಿದರು. ಕರಣೆ, ರಸಮಟ್ಟ, ತೂಕದ ಗುಂಡು, ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡರು. ನಾನು ಗೇಟಿನವರೆಗೆ ಹಿಂದೆಯೇ ಹೋದೆ. ಬೈದುಬಿಡಲಿ ಎಂದು ಬೇಡಿಕೊಳ್ಳುತ್ತಿದ್ದೆ, ಆಣೆಗೂ.

"ಮೇಸ್ತ್ರೀ, ನನ್ನಿಂದ..."

"ನೀನೇನ್ ಮಾಡ್ದೆ ಬುಡವ್ವ. ಇದ್ದುದ್ನ ಬರ್ದೆ." ಬಸ್ಸು ಬಂತು. ಮೆಟ್ಟಿಲು ಹತ್ತಲು ಪಕ್ಕಕ್ಕೆ ತಿರುಗಿ ಕಾಲು ಎತ್ತಿಟ್ಟರು, ಹಿಂದಿನವರು ಬೇಗ ಹತ್ತಿ ಎಂದು ಗೊಣಗಿದರು.

ಸ್ಲ್ಯಾಬನ್ನು ಒಡೆಯಲಿಲ್ಲ. ಕೆಳಗಿಂದ ಎರಡು ಕಬ್ಬಿಣದ ತೊಲೆ ಕೊಟ್ಟು, ಅದು ಕಾಣದ ಹಾಗೆ ಪ್ಲಾಸ್ಟರ್ ಮಾಡಿ, ಮೇಲೆ ಮೂರನೆಯದನ್ನು ಎಬ್ಬಿಸಿದರು. ಹೊಸ ಮೇಸ್ತ್ರಿ ಬಂದ. ಗೇಟಿನ ಪಕ್ಕದ ರೂಮಿನ ಗೂಡನ್ನು ಇಟ್ಟಿಗೆ ಚೂರು ತುಂಬಿ ಮುಚ್ಚಿಸಿದ, ನಕ್ಷೆಯಲ್ಲಿ ಇಲ್ಲ ಎಂದು.

ನಾನು ಪ್ರಭಾಕರ ಸರ್ ಹತ್ತಿರ ಹೋಗಿ ಅತ್ತೆ. ಅವರು ಬಾಗಿಲು ಹಾಕಿ ಬಂದು ಕೂತರು. "ನಾನು ಹೇಳಿಕೊಟ್ಟ ಹಾಗೇ ಮಾಡಿದ್ದೀರಿ ನೀವು. ತಪ್ಪು ಎಲ್ಲಿದೆ?" ಎಂದರು.

"ತಪ್ಪು ಮಾಡಿದವರ ಹೆಸರು ಅದರಲ್ಲಿ ಇಲ್ಲವಲ್ಲ ಸರ್."

ಅವರು, ಯಾವಾಗಲೂ ಹಾಲಿನ ಕೊನೆಯವರೆಗೆ ಕೇಳಿಸುವ ಆ ಧ್ವನಿಯನ್ನು ತಗ್ಗಿಸಿ ಹೇಳಿದರು: "ನೋಡಮ್ಮ, ಮೂವತ್ತು ವರ್ಷ ಸರ್ವೀಸು ಮಾಡಿದೆ. ಆ ಉಸ್ತುವಾರಿ ಕಾಲಂ ನಾನು ಒಂದು ಸಲವೂ ತುಂಬಿಲ್ಲ. ಯಾರೂ ತುಂಬಲ್ಲ."

"ಮತ್ತೆ ನಮಗೆ ಯಾಕೆ ಸರ್ ಹೇಳಲಿಲ್ಲ?"

"ಸಿಲಬಸ್ಸಿನಲ್ಲಿ ಇಲ್ಲವಲ್ಲಮ್ಮ, ಏನು ಮಾಡಲಿ."

ನನಗೆ ನಗು ಬಂತು, ಅಳುವಾಗಲೇ. ಕಿರಣ್ ಹತ್ತಿರವೂ ಕೇಳಿದೆ, ಆ ಫೋನಿನ ವಿಷಯ ಬ್ಯಾಂಕಿನವರಿಗೆ ಹೇಳೋಣ ಎಂದು. "ಹೇಳಿ ಮೇಡಂ. ನಿಮ್ಮ ಮಾತು ಬಿಟ್ಟರೆ ಸಾಕ್ಷಿ ಏನಿದೆ?" ಎಂದ. ಫೋನು ಮಾಡಿದ್ದಕ್ಕೆ ಗುರುತಿತ್ತು, ಮಾತಾಡಿದ್ದಕ್ಕೆ ಇರಲಿಲ್ಲ.

ಆದರೂ ಸುಮ್ಮನಿರಲಾಗದೆ ನವರಾತ್ರಿಯಲ್ಲಿ ಒಂದು ಪತ್ರ ಬರೆದೆ. ಆವತ್ತು ಏನು ನಡೆಯಿತು, ಮೇಸ್ತ್ರಿ ನಿಲ್ಲಿಸಬೇಕೆಂದು ಹೇಗೆ ಕೇಳಿಕೊಂಡರು, ಏನು ಉತ್ತರ ಬಂತು, ಎಲ್ಲವನ್ನೂ ನನ್ನ ಹೆಸರು ವಿಳಾಸದ ಸಮೇತ ಎರಡು ಪುಟ ಬರೆದು ಸಹಿ ಹಾಕಿದೆ. ಬೇರೆ ಯಾವ ಕಂಟ್ರಾಕ್ಟರಿಗಾದರೂ ತೋರಿಸಿದರೆ ಕೆಲಸ ಕೊಟ್ಟಾರು ಎಂಬ ಆಸೆ. ದಸರೆಯ ಗಲಾಟೆಗೆ ರಸ್ತೆಗಳನ್ನೆಲ್ಲ ತಿರುಗಿಸಿದ್ದರು. ಸ್ಕೂಟರಿನಲ್ಲಿ ಊರು ಸುತ್ತಿ ಉದಯಗಿರಿ ಮುಟ್ಟುವ ಹೊತ್ತಿಗೆ ಸಂಜೆಯಾಗಿತ್ತು. ಮೇಸ್ತ್ರಿ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ತಾವೇ ಎದ್ದು ನನಗೆ ಕುರ್ಚಿ ಹಾಕಿದರು. ಅವರ ಹೆಂಡತಿ ಸಾಕಮ್ಮ ಕಾಫಿ ತಂದುಕೊಟ್ಟರು, ಮುಖ ನೋಡಲಿಲ್ಲ.

ಎರಡು ತಿಂಗಳಲ್ಲಿ ಐದು ಕಡೆ ಕೆಲಸ ಕೇಳಿದ್ದರಂತೆ. ಎಲ್ಲರಿಗೂ ವಿಷಯ ಗೊತ್ತಾಗಿತ್ತು. ಸ್ಲ್ಯಾಬ್ ಫೇಲಾದ ಮೇಸ್ತ್ರಿ ಅಂದರೆ ಯಾರು ಇಟ್ಟುಕೊಳ್ಳುತ್ತಾರೆ?

ಪತ್ರ ತೆಗೆದು ಓದಿ ಹೇಳಿದೆ. ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು. "ಬೋ ಚೆನ್ನಾಗ್ ಬರ್ದಿದೀಯೆ ಕಣವ್ವ. ಎಲ್ಲಾ ಅಂಗೇ ಬಂದದೆ" ಎಂದರು. ನಾನು ಅದನ್ನು ಅವರ ಕೈಗೆ ಕೊಡಹೋದೆ. ಅವರು ಎಣ್ಣೆಗೈ ಹಿಂದಕ್ಕೆ ತೆಗೆದುಕೊಂಡರು.

"ಬ್ಯಾಡ. ನನ್ನೆಸ್ರು ಇರೋ ಕಾಗ್ದ ಇನ್ನೊಂದ್ ಬ್ಯಾಡ ನಂಗೆ."

"ಇದು ನಿಮ್ಮ ಪರವಾಗಿ ಮೇಸ್ತ್ರೀ."

"ಅದೂ ಪರವಾಗೇ ಬರ್ದಿದ್ದಲ್ವಾ?" ಬಾಗಿಲ ಹಿಂದಿನಿಂದ ಸಾಕಮ್ಮ ಕೇಳಿದರು. "ಬರ್ದಿದ್ ಸಾಲ್ದಾ ನಿಂಗೆ? ನಮ್ಮನ್ನ ನಮ್ ಪಾಡಿಗ್ ಬುಟ್ಬುಡವ್ವ ತಾಯಿ."

ಅಷ್ಟು ದಿನದಲ್ಲಿ ನನಗೆ ಬೈದವರು ಅವರೊಬ್ಬರೇ. ಅವರ ಕಾಲು ಮುಟ್ಟಬೇಕು ಅನ್ನಿಸಿತು, ಮುಟ್ಟಲಿಲ್ಲ. ಪತ್ರವನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ಬಂದೆ.

ಡಿಸೆಂಬರಿನಲ್ಲಿ ಸರ್ಟಿಫಿಕೇಟು ಕೊಟ್ಟರು. ದಾಖಲೆ ಇಡುವುದರಲ್ಲಿ ನನಗೆ ಎಲ್ಲರಿಗಿಂತ ಹೆಚ್ಚು ಅಂಕ ಬಂದಿತ್ತು. ಅಮ್ಮ ಅದಕ್ಕೆ ಕಟ್ಟು ಹಾಕಿಸಿದಳು. ತಿಂಗಳೊಳಗೆ ಬೇರೊಬ್ಬ ಬಿಲ್ಡರ ಹತ್ತಿರ ಮೇಲ್ವಿಚಾರಕಿಯ ಕೆಲಸವೂ ಸಿಕ್ಕಿತು. ಮನೆಯಲ್ಲಿ ಪಾಯಸ ಮಾಡಿದರು. ಮೊದಲ ವಾರವೇ ಕ್ಯೂಬಿಗೆ ಬೇರೆ ಕಲಸಿಸಿದೆ. ಉಸ್ತುವಾರಿ ಕಾಲಂ ಬಂದಾಗ ಪೆನ್ನು ಎತ್ತಿ ಮುಂದಿನದಕ್ಕೆ ಹೋದೆ. ಇಷ್ಟು ಸುಲಭವೇ ಎಂದು ನನಗೇ ಆಶ್ಚರ್ಯವಾಯಿತು.

ಸಂಕ್ರಾಂತಿ ಕಳೆದ ಮೇಲೆ, ಇನ್ನೂ ಚಳಿ ಇದ್ದ ಒಂದು ಬೆಳಿಗ್ಗೆ, ನಾಲ್ಕು ಜನ ಕೂಲಿಯವರು ತಪ್ಪಿಸಿಕೊಂಡರು. ಕೂಲಿಯವರು ಬಂದು ನಿಲ್ಲುವ ಸರ್ಕಲ್ಲಿಗೆ ಹೋಗಿ ನಾನೇ ಜನ ಕರೆತರಬೇಕಾಯಿತು. ಗಾಡಿ ನಿಲ್ಲಿಸುತ್ತಿದ್ದ ಹಾಗೆ ಇಪ್ಪತ್ತು ಮೂವತ್ತು ಜನ ಮುತ್ತಿಕೊಂಡರು. ಹಿಂದೆ, ಗೋಡೆಗೆ ಒರಗಿಕೊಂಡು, ತಲೆಗೆ ಟವೆಲು ಸುತ್ತಿಕೊಂಡು ನಿಂತಿದ್ದವರು ಮುಂದೆ ಬರಲಿಲ್ಲ. ನಾನು ಗುರುತು ಹಿಡಿದೆ. ಅವರೂ ಹಿಡಿದರು, ಮುಖ ಆ ಕಡೆ ತಿರುಗಿಸಿಕೊಂಡರು. ಅವರ ಹತ್ತಿರ ಕರಣೆಯ ಚೀಲ ಇರಲಿಲ್ಲ. ಕರಣೆ ಇಲ್ಲದೆ ಬಂದವರು ಹೊರುವ ಕೆಲಸಕ್ಕೆ ಬಂದವರು.

"ಬನ್ನಿ ಮೇಸ್ತ್ರೀ" ಎಂದೆ.

"ಮೇಸ್ತ್ರಿ ಅನ್ಬ್ಯಾಡ ಕಣವ್ವ ಇಲ್ಲಿ" ಎಂದು ಮೆಲ್ಲಗೆ ಹೇಳಿ, ಎಲ್ಲರ ಹಿಂದೆ ಬಂದು ಗಾಡಿ ಹತ್ತಿದರು.

ಸೈಟಿನಲ್ಲಿ ಹಾಜರಿ ಪುಸ್ತಕ ತೆಗೆದೆ. ಮೂವರ ಹೆಸರು ಬರೆದೆ. ನಾಲ್ಕನೆಯದಕ್ಕೆ ಅವರ ಮುಖ ನೋಡಿದೆ. ಅವರು ಹತ್ತಿರ ಬಂದು, ಬಿಲ್ಡರ ಕಡೆಯವರು ಯಾರಾದರೂ ಇದ್ದಾರೇನೋ ಎಂದು ಸುತ್ತ ನೋಡಿದರು.

"ಬ್ಯಾರೆ ಯಾವ್ದಾರ ಎಸ್ರು ಬರ್ಕವ್ವ."

"ಯಾವುದು ಬರೀಲಿ?"

"ಯಾವ್ದಾದ್ರೂ ಆಯ್ತದೆ."

ಮಾದಪ್ಪ ಎಂದು ಬರೆದೆ, ದುಂಡಗೆ. ದಿನವಿಡೀ ಅವರು ಬಾಂಡ್ಲಿ ಹೊತ್ತರು. ನಾನು ನೆರಳಲ್ಲಿ ಕೂತು ಮಾಡುವ ಕೆಲಸ ಕೊಡಹೋದರೆ ಬೇಡವೆಂದರು, ಎಲ್ಲರೂ ನೋಡುತ್ತಾರೆ ಎಂದು. ಹೊಸ ಹುಡುಗನೊಬ್ಬ ಇಟ್ಟಿಗೆ ವಾರೆ ಕಟ್ಟುತ್ತಿದ್ದ; ಅವರು ಅದರ ಪಕ್ಕದಲ್ಲೇ ಎಷ್ಟೋ ಸಲ ಹಾದುಹೋದರು, ನೋಡಿದರು, ಏನೂ ಹೇಳಲಿಲ್ಲ.

ಸಂಜೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹಾಜರಿ ಕೂಗಿದೆ. ಅವರಿಗೆ ಆ ಹೆಸರು ಮರೆತಿರುತ್ತದೆ, ಎರಡು ಮೂರು ಸಲ ಕೂಗಬೇಕಾಗುತ್ತದೆ, ಜನ ನಗುತ್ತಾರೆ ಎಂದು ಹೆದರಿಕೊಂಡೇ "ಮಾದಪ್ಪ" ಎಂದೆ.

ಮೊದಲ ಕೂಗಿಗೇ ಅವರು "ಇವ್ನಿ" ಎಂದರು.